ಬಾಗಿಲು ತಟ್ಟದ ಅಂಚೆಯಕ್ಕ

ದ್ವೀಪದ ಅಂಚೆಯಕ್ಕ ಶೋನಾಗ್ ಯಾರ ಮನೆಯ ಬಾಗಿಲನ್ನೂ ತಟ್ಟುವವಳಲ್ಲ. ಗೇಟು ಇನ್ನೂ ಐವತ್ತು ಮಾರು ದೂರವಿರುವಾಗಲೇ, ಕಡಲಗಾಳಿಯೂ ಕುರಿಗಳೂ ಬಾಯಿ ಮುಚ್ಚಿಕೊಳ್ಳುವಂಥ ದನಿಯಲ್ಲಿ ಸಾರಿಬಿಡುತ್ತಾಳೆ: "ಎಫೀ, ಗಾಬರಿ ಬೀಳ್ಬೇಡ ಕಣೇ, ನಿನ್ ತಂಗಿ ಕಾರ್ಡು! ಗ್ಲಾಸ್ಗೋದಲ್ಲಿ ಅವಳಿಗೆ ಮತ್ತೆ ಹಲ್ಲುನೋವಂತೆ!" "ಓದೋ ಕೆಲಸಾನಾದ್ರೂ ನಂಗೆ ಬಿಡೇ ಮಾರಾಯ್ತಿ," ಎಂದು ನೆರೆಮನೆಯ ಎಫೀ ಬೈಯುತ್ತಾಳೆ. ಆ ದ್ವೀಪದಲ್ಲಿ ಒಂದು ಗುಟ್ಟು ಗುಟ್ಟಾಗಿ ಉಳಿಯಬೇಕಾದರೆ ಶೋನಾಗ್‌ಗೆ ಗಂಟಲು ಕಟ್ಟಬೇಕು. ಬೈದರೂ ಆ ಕೂಗು ಎಲ್ಲರಿಗೂ ಬೇಕು. ಜರ್ಮನರೊಡನೆ ಯುದ್ಧ ನಡೆದ ನಾಲ್ಕು ವರ್ಷ, ಸಾವಿನ ತಂತಿ ತಂದಾಗಲೆಲ್ಲ ಅವಳು ಸದ್ದಿಲ್ಲದೆ ಬಂದು ಬಾಗಿಲು ತಟ್ಟಿದ್ದಳು. ಯುದ್ಧ ಮುಗಿದ ದಿನದ ನೆನಪಿಗೆ ಪ್ರತಿ ನವೆಂಬರಿನಲ್ಲಿ ಸ್ಮಾರಕದ ಕಲ್ಲಿನ ಮುಂದೆ ಸತ್ತವರ ಹೆಸರು ಓದುವವಳೂ ಅವಳೇ. ಪಾದ್ರಿ ಅಕಾರಾದಿಯಾಗಿ ಬರೆದುಕೊಟ್ಟ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, "ನಂಗೆ ಗೊತ್ತಿರೋದು ದಾರಿ ಮಾತ್ರ ಪಾದ್ರಿಗಳೇ," ಎನ್ನುತ್ತಾಳೆ. ಆಮೇಲೆ ದೋಣಿಕಟ್ಟೆಯಿಂದ ಶುರುಮಾಡಿ, ತಾನು ತಟ್ಟಿದ ಬಾಗಿಲುಗಳ ಸಾಲಿನಲ್ಲೇ ಇಪ್ಪತ್ತೊಂದು ಹೆಸರು ಹೇಳುತ್ತಾಳೆ. ಕೊನೆಯ ಹೆಸರು ಗುಡ್ಡದ ತುದಿಮನೆಯ ಕ್ಯಾಲಮ್, ಅವಳ ಒಬ್ಬನೇ ಮಗ. ಅವನ ತಂತಿ ಬಂದ ದಿನ, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಅವಳು ತನ್ನದೇ ಬಾಗಿಲನ್ನು ಮೂರು ಸಲ ತಟ್ಟಿ ಕಾದದ್ದನ್ನು ಎಫೀ ಬೇಲಿಯಾಚೆಯಿಂದ ನೋಡಿದ್ದಳು. ಈಗಲೂ ಚೀಲ ಬರಿದಾಗಿ ಮನೆಗೆ ಮರಳುವಾಗ, ತನ್ನ ಗೇಟಿಗೆ ಐವತ್ತು ಮಾರು ದೂರದಲ್ಲೇ ನಿಂತು ಅವಳು ಕೂಗುತ್ತಾಳೆ: "ಗಾಬರಿ ಬೀಳ್ಬೇಡ ಕಣೇ ಶೋನಾಗ್, ಇವತ್ತು ನಿಂಗೇನೂ ಬಂದಿಲ್ಲ!"