ಪತ್ತಾಯದ ಹಿಂದೆ

ನನ್ನ ಮದುವೆಗೆ ಯಾರೆಲ್ಲ ಬಂದಿದ್ದರೋ ಮರೆತಿದ್ದೇನೆ. ಬಾರದವಳೊಬ್ಬಳು ಮಾತ್ರ ನೆನಪಿದ್ದಾಳೆ, ನನ್ನ ತಂಗಿ ಕಾಂತಿ. ಹುಟ್ಟಿನಿಂದಲೇ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ಅಂಥ ಮಗು ಮನೆಯಲ್ಲಿದೆಯೆಂದು ತಿಳಿದರೆ ದೊಡ್ಡವಳಿಗೆ ಸಂಬಂಧ ಕೂಡಿಬರದು ಎಂಬ ಹೆದರಿಕೆ ನಮ್ಮಮ್ಮ ನೀಲಾವತಿಗೆ. ಅಂಗಳದಲ್ಲಿ ಚಪ್ಪಲಿ ಸದ್ದಾದರೆ ಸಾಕು, ಕಾಂತಿ ಭತ್ತ ತುಂಬುವ ಪತ್ತಾಯದ ಹಿಂದೆ ಸೇರಬೇಕು. ಬಂದವರು ಹಿಂದಿರುಗಿದ ಮೇಲೆ ಅಮ್ಮ "ಹೋದ್ರು ಮಗಾ" ಎನ್ನುವಳು. ಆಗ ತೆವಳಿಕೊಂಡು ಹೊರಬಂದರೆ ಒಂದು ತುಂಡು ಬೆಲ್ಲ. ಅಮ್ಮನನ್ನಷ್ಟೇ ದೂರಿ ನಾನು ನುಣುಚಿಕೊಳ್ಳುವುದಿಲ್ಲ. ನನಗೂ ಮದುವೆ ಬೇಕಿತ್ತು. ನನ್ನನ್ನು ಸೊಸೆಯಾಗಿ ತಂದುಕೊಂಡ ಅಳದಂಗಡಿಯವರ ಲೆಕ್ಕದಲ್ಲಿ ನಾನೊಬ್ಬಳೇ ಮಗಳು.

ಮದುವೆಯಾಗಿ ಎರಡು ವರ್ಷಕ್ಕೆ, ಎಂಬತ್ತೆರಡರಲ್ಲಿ, ಕಾಂತಿಯನ್ನು ಓದಿಸಲು ನಾನೇ ಸರ್ಕಾರಕ್ಕೆ ಅರ್ಜಿ ಬರೆದೆ. ಉತ್ತರ ಬಂತು. ನಡೆಯಲಾಗದ ಮಕ್ಕಳ ವ್ಯವಸ್ಥೆ ನೋಡುವ ಮನೋರಮಾ ಎಂಬವರು ಬುಧವಾರ ಮನೆಗೆ ಬರುತ್ತಾರೆ, ಮಗುವನ್ನು ಕಣ್ಣಾರೆ ಕಂಡರೆ ಮಾತ್ರ ಮೂಡಬಿದಿರೆಯ ಹಾಸ್ಟೆಲಿನಲ್ಲಿ ಜಾಗ. ಕಾಂತಿಗೆ ಆಗ ಒಂಬತ್ತು, ಶಾಲೆಯ ಮುಖ ಕಂಡವಳಲ್ಲ.

ಅಮ್ಮ ನೆಲ ಸಾರಿಸಿದಳು, ಪಕ್ಕದ ಸುಬ್ಬಯ್ಯನವರಲ್ಲಿಂದ ಕುರ್ಚಿ ತಂದಳು. ಕಾಂತಿಗೆ ಎಣ್ಣೆ ಹಚ್ಚಿ ಮೀಯಿಸಿ, ಅಬ್ಬಲಿಗೆ ಮುಡಿಸಿ, ಜಗಲಿಯ ಚಾಪೆಯಲ್ಲಿ ಕೂರಿಸಿದಳು. "ಇವತ್ತು ಅಡಗುವುದು ಬೇಡ, ಆಯ್ತಾ?" ಎಂದು ಹತ್ತು ಸಲ ಹೇಳಿರಬಹುದು. ಹತ್ತು ಸಲವೂ ಕಾಂತಿ ತಲೆಯಾಡಿಸಿದಳು.

ರಸ್ತೆಯಲ್ಲಿ ಜೀಪು ನಿಂತಿತು. ನಾವಿಬ್ಬರೂ ಎದುರುಗೊಳ್ಳಲು ಹೋಗಿ ಬರುವಷ್ಟರಲ್ಲಿ ಚಾಪೆ ಖಾಲಿ.

"ಮಗು ಎಲ್ಲಿ ಉಂಟು?" ಮನೋರಮಾ ಕೇಳಿದರು.

ಅಮ್ಮ ಕರೆದಳು, ಬೆಲ್ಲ ತೋರಿಸಿದಳು. ಪತ್ತಾಯದ ಹಿಂದಿನಿಂದ ಉಸಿರಿನ ಸದ್ದೂ ಇಲ್ಲ. ಕೈ ಹಾಕಿ ಎಳೆಯಲು ಗೋಡೆಯ ಸಂದು ನಮಗೆ ಸಾಲದು.

"ಇನ್ನೊಂದು ಮನೆಗೆ ಹೋಗ್ಲಿಕ್ಕುಂಟು," ಎಂದು ಅವರು ಗಡಿಯಾರ ನೋಡಿಕೊಂಡರು.

ಅಮ್ಮ ಮಂಡಿಯೂರಿದಳು. "ಹೋದ್ರು ಮಗಾ," ಎಂದಳು.

ಕಾಂತಿ ನಗುತ್ತಾ ತೆವಳಿ ಬಂದಳು, ಬೆಲ್ಲಕ್ಕೆ ಕೈ ಚಾಚಿದಳು. ಆಮೇಲೆ ಕುರ್ಚಿಯ ಮೇಲಿದ್ದವರನ್ನು ಕಂಡಳು, ಅಮ್ಮನನ್ನು ನೋಡಿದಳು. ಆ ನೋಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮನೋರಮಾ ತಲೆ ತಗ್ಗಿಸಿ ಹೆಸರು ಬರೆದುಕೊಂಡರು.

ಜೂನಿನಲ್ಲಿ ಕಾಂತಿ ಹಾಸ್ಟೆಲಿಗೆ ಹೋದಳು. ಈಗ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ, ಓದುತ್ತಾಳೆ. ಒಳ್ಳೆಯದೇ ಆಯಿತು. ಆದರೆ ನಾನು ತವರಿಗೆ ಹೋಗಿ ಹೊರಡುವಾಗಲೆಲ್ಲ ಅಮ್ಮ ಅಂಗಳದವರೆಗೆ ಬಂದು ನನ್ನನ್ನು ಕಳಿಸಿ ಒಳಗೆ ಹೋಗುತ್ತಾಳೆ. ಮೊನ್ನೆ ಕೊಡೆ ಮರೆತು ತಿರುಗಿ ಹೋದೆ. ಅವಳು ಅಂಗೈಯಲ್ಲಿ ಬೆಲ್ಲ ಹಿಡಿದು, ಪತ್ತಾಯದ ಹಿಂದಿನ ಖಾಲಿ ಸಂದಿಗೆ ಬಾಗಿ ಹೇಳುತ್ತಿದ್ದಳು, "ಹೋದ್ರು ಮಗಾ. ಈ ಸಲ ನಿಜವಾಗಿ ಹೋದ್ರು."