ಪಂಪ್‌ಹೌಸಿನಿಂದ ಬರುತ್ತಿದ್ದ ಸಂದೇಶಗಳು

ಕಾಗವಾಡದ ಸಮೀಪದ ಒಂದು ಸಕ್ಕರೆ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ನನಗೆ ಕೆಲಸ. ಕಬ್ಬಿನ ಅಂಗಳ, ತೂಕದ ಕಾಟಾ, ಬಾಯ್ಲರು, ಕೃಷ್ಣಾ ದಂಡೆಯ ಪಂಪ್‌ಹೌಸು, ಎಲ್ಲ ಕಡೆಯವರ ಕೈಯಲ್ಲೂ ಒಂದೊಂದು ವಾಕಿಟಾಕಿ ಇರುತ್ತದೆ. ನಾವು ಅದನ್ನು ಸೆಟ್ಟು ಅನ್ನುತ್ತೇವೆ. ಎಲ್ಲರ ಮಾತೂ ಬಂದು ಸೇರುವುದು ನನ್ನ ಮೇಜಿಗೆ.

ಮೊದಲಿದ್ದ ಸೆಟ್ಟುಗಳಲ್ಲಿ ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳುತ್ತಿತ್ತು. ಮಿರಜ ಕಡೆಯ ಯಾರದೋ ಮರಾಠಿಯೂ ನಡುವೆ ನುಗ್ಗುತ್ತಿತ್ತು. ಪಂಪ್‌ಹೌಸಿನಲ್ಲಿ ಎರಡು ಮೋಟಾರುಗಳ ಜೊತೆ ಒಬ್ಬರೇ ಇರುತ್ತಿದ್ದವರು ಯಡೂರು ಕಡೆಯವರು, ನನಗಿಂತ ಎರಡು ಮೂರು ವರ್ಷ ದೊಡ್ಡವರು. ಅವರಿಗೆ ಮಾತು ತೊದಲುತ್ತಿತ್ತು. "ಮೋ... ಮೋ..." ಎಂದು ಶುರುಮಾಡಿದರೆ ಸಾಕು, ಅಂಗಳದಿಂದ ಯಾರಾದರೂ, "ಮೋಟಾರ್ ಚಾಲೂ ಆತೇನಪಾ, ಇಲ್ಲಾ ನಾಳೆ ಹೇಳ್ತೀಯೋ?" ಎನ್ನುತ್ತಿದ್ದರು. ಚಾನೆಲ್ಲಿನ ತುಂಬ ನಗು. ಒಮ್ಮೆ ನಾನೂ ನಕ್ಕಿದ್ದೆ.

ಆಮೇಲೆ ಡಿಜಿಟಲ್ ಸೆಟ್ಟುಗಳು ಬಂದವು. ಕಲಿಸಲು ಬಂದ ಸಾಹೇಬರು, "ಇನ್‌ಮ್ಯಾಗ ಹೊರಗಿನವರು ಯಾರೂ ಕೇಳಾಂಗಿಲ್ರಿ, ಮಾತೆಲ್ಲಾ ಗುಪ್ತ ಕೋಡ್ ಆಗಿ ಹೋಗ್ತಾವು. ಒಬ್ಬರ ಜೋಡಿನ ಮಾತಾಡಬಹುದು, ಮೆಸೇಜ್ ಸೈತ ಕಳಸಬಹುದು" ಎಂದರು. ಒಂಟಿಯಾಗಿ ಕೆಲಸ ಮಾಡುವವರು ಅರ್ಧ ತಾಸಿಗೊಮ್ಮೆ ಒಂದು ಗುಂಡಿ ಒತ್ತಬೇಕು. ಒತ್ತದಿದ್ದರೆ ನನ್ನ ಮೇಜಿನ ಮೇಲೆ ಅಲಾರಂ ಹೊಡೆದುಕೊಳ್ಳುತ್ತದೆ. ಕರೆದರೂ ಉತ್ತರ ಬರದಿದ್ದರೆ, ಕೂತಲ್ಲಿಂದಲೇ ಅವರ ಸೆಟ್ಟಿನ ಮೈಕು ತೆರೆದು ಸುತ್ತಲಿನ ಸದ್ದು ಆಲಿಸಬಹುದು. ಅವರಿಗೆ ಅದು ಗೊತ್ತೇ ಆಗುವುದಿಲ್ಲ. "ಜೀವಕ್ಕ ಏನರ ಆಗೇತಿ ಅನಿಸಿದರಷ್ಟ ತಗೀರಿ" ಎಂದು ಸಾಹೇಬರು ಎರಡು ಸಲ ಹೇಳಿದರು.

ಮರುದಿನವೇ ಪಂಪ್‌ಹೌಸಿನಿಂದ ಮೊದಲ ಸಂದೇಶ ಬಂತು. ಸೆಟ್ಟಿನಲ್ಲಿ ಕನ್ನಡ ಅಕ್ಷರವಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತು: "ಒಂದನೇ ಮೋಟಾರ್ ಚಾಲೂ." ಸ್ವಲ್ಪ ಹೊತ್ತಿಗೆ ಇನ್ನೊಂದು: "ಎರಡನೇದೂ ಚಾಲೂ. ನಿಮ್ಮ ಚಹಾ ಆತೇನ್ರಿ?"

ಹಾಗೆ ಶುರುವಾಯಿತು. "ನೀರು ಎರಡು ಮೆಟ್ಟಿಲ ಇಳದೈತಿ" ಎಂದು ಬರೆಯುತ್ತಿದ್ದರು. "ಕುಡಚಿ ಕಡೆ ರೈಲು ಹೋತು, ಇವತ್ತ ಇಲ್ಲೀತನಾ ಕೇಳಸ್ತು." "ಗೋಡಿ ಹಿಂದ ಮುಂಗುಸಿ ಮೂರು ಮರಿ ಹಾಕೈತಿ." ನಾನೂ ಕಬ್ಬಿನ ಗಾಡಿಗಳ ಸಾಲು, ನಮ್ಮವ್ವನ ಮೊಣಕಾಲು ನೋವು, ಏನೇನೋ ಬರೆಯುತ್ತಿದ್ದೆ. ಯಾರದೇ ಸೆಟ್ಟಿನ ಸಂದೇಶದ ಪೆಟ್ಟಿಗೆ ತುಂಬಿದರೂ ಹಳೆಯದು ತಾನೇ ಅಳಿಸಿಹೋಗುತ್ತಿತ್ತು. ಅದಕ್ಕೇ ಮೋಟಾರಿನ ಸಂದೇಶಗಳನ್ನು ತೆಗೆದು ಮುಂಗುಸಿಯವನ್ನು ಉಳಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಅವ್ವ ಕೇಳಿದಳು, "ಒಬ್ಬಾಕಿನ ಯಾಕ ನಗಾಕತ್ತೀಬೇ?" ಎರಡು ವರ್ಷದಲ್ಲಿ ನಾನು ಅವರನ್ನು ಎದುರಿಗೆ ಕಂಡಿದ್ದು ಮೂರೋ ನಾಲ್ಕೋ ಸಲ. ಆಗೆಲ್ಲ ಅವರು ತಲೆಬಾಗಿ ನಮಸ್ಕಾರ ಮಾಡಿ ಹೋಗಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅಲಾರಂ ಹೊಡೆಯಿತು. ಎರಡು ಸಲ ಕರೆದೆ. ಉತ್ತರವಿಲ್ಲ. ಹೊಳೆಯಲ್ಲಿ ಕಾಲು ಜಾರಿದ್ದರೆ ಎಂದುಕೊಂಡು ಮೈಕು ತೆರೆದೆ.

ಹಾಡು. ಅವರೇ ಹಾಡುತ್ತಿದ್ದರು. ಭಜನೆಯ ಪದ, ಏರು ದನಿ, ಒಂದಕ್ಷರವೂ ತೊದಲದೆ ನೀರಿನ ಹಾಗೆ ಹರಿಯುತ್ತಿತ್ತು. ಜೀವಕ್ಕೆ ಏನೂ ಆಗಿಲ್ಲವೆಂದು ತಿಳಿದ ಕೂಡಲೇ ಮೈಕು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಪದದ ನಾಲ್ಕೂ ನುಡಿ ಮುಗಿಯುವವರೆಗೆ ಕೇಳಿದೆ. ಆಮೇಲೆ ಅವರ ಸಂದೇಶ ಬಂತು: "ಸೆಟ್ಟಿನ ಆವಾಜ್ ಸಣ್ಣದಿತ್ರಿ, ಗುಂಡಿ ಮರತೆ. ತಪ್ಪಾತು."

ನಾಲ್ಕು ದಿನ ತಡೆದುಕೊಂಡು ಕೊನೆಗೆ ಬರೆದೆ: "ಅವತ್ತ ಮೈಕ್ ತಗದಿದ್ದೆ. ಹಾಡು ಕೇಳಿದೆ. ಭಾಳ ಚಂದ ಹಾಡ್ತೀರಿ." ಖುಷಿಯಾದಾರು ಅಂದುಕೊಂಡಿದ್ದೆ. ಮರುದಿನ ಬಂದಿದ್ದು ಒಂದೇ ಸಾಲು: "ಎಷ್ಟ ಸಲ ಕೇಳೀರಿ?"

"ಒಂದ ಸಲ" ಎಂದೆ. ಅದು ನಿಜ. ಆದರೆ ಅವರು ನಂಬುವುದಾದರೂ ಹೇಗೆ?

ಅಂದಿನಿಂದ ಬರೀ ಮೋಟಾರಿನ ಸುದ್ದಿ. ಅರ್ಧ ತಾಸು ಆಗುವ ಮೊದಲೇ ಗುಂಡಿ ಒತ್ತಿರುತ್ತಿದ್ದರು. ಅವರ ಅಲಾರಂ ಮತ್ತೆಂದೂ ಹೊಡೆಯಲಿಲ್ಲ. ಮುಂಗುಸಿ ಮರಿಗಳು ಏನಾದವೆಂದು ಕೇಳಲು ಎಷ್ಟೋ ಸಲ ಬರೆದು ಅಳಿಸಿದೆ.

ಕಬ್ಬು ಅರೆಯುವ ಹಂಗಾಮು ಮುಗಿದಾಗ ಅವರು ನಿಪ್ಪಾಣಿ ಕಡೆ ಬೇರೆ ಕೆಲಸ ಹಿಡಿದರು. ಸೆಟ್ಟನ್ನು ಸ್ಟೋರಿಗೆ ಒಪ್ಪಿಸಿ ಹೋದರಂತೆ, ನನಗೆ ಸಂಜೆ ತಿಳಿಯಿತು. "ಅದನ್ನ ಬಂದ್ ಮಾಡಿ ಇಡ್ರಿ" ಎಂದರು ನಮ್ಮ ಕಾರ್ಖಾನೆಯ ಸಾಹೇಬರು. ನನ್ನ ಮೇಜಿನಿಂದ ಒಂದು ಆದೇಶ ಕಳಿಸಿದರೆ ಸೆಟ್ಟು ಯಾರ ಕೈಗೆ ಸಿಕ್ಕರೂ ಕೆಲಸ ಮಾಡದು. ಅದಕ್ಕೂ ಮೊದಲು ಸ್ಟೋರಿಗೆ ಹೋಗಿ ಅದರ ಸಂದೇಶದ ಪೆಟ್ಟಿಗೆ ತೆರೆದೆ. ಅದೂ ತಪ್ಪೇ. ನನ್ನ ಚಹಾ, ನಮ್ಮವ್ವನ ಮೊಣಕಾಲು, ಗಾಡಿಗಳ ಸಾಲು, ಹಳೆಯವೆಲ್ಲ ಹಾಗೇ ಇದ್ದವು. ಹಾಡಿನ ಬಗ್ಗೆ ಬರೆದದ್ದೊಂದನ್ನು ಮಾತ್ರ ಅಳಿಸಿದ್ದರು. ವಾಪಸು ಬಂದು ಆದೇಶ ಕಳಿಸಿದೆ. ಸೆಟ್ಟು ಬಂದಾಯಿತೆಂದು ಪರದೆ ತೋರಿಸಿತು.

ಹೋದ ವರ್ಷ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಅವರು ಎದುರಾದರು. ಜೊತೆಗೆ ಹೆಂಡತಿ ಇದ್ದರು. ನಮಸ್ಕಾರ ಮಾಡಿ ಹೋಗಲಿಲ್ಲ, ನಿಂತರು. "ಅ... ಅ... ಅವ್ವ ಆರಾಮ ಅದಾರೇನ್ರಿ?" ಎಂದರು. ಆ ಮಾತು ಮುಗಿಯಲು ಬಹಳ ಹೊತ್ತು ಹಿಡಿಯಿತು. ಅವರ ಹೆಂಡತಿ ಅವರ ಮುಖವನ್ನೇ ನೋಡುತ್ತ ನಿಂತಿದ್ದರು, ಒಂದಕ್ಷರವನ್ನೂ ತಾವು ಹೇಳಿಕೊಡಲಿಲ್ಲ.

"ಆರಾಮ ಅದಾಳ್ರಿ" ಎಂದೆ. ಅಷ್ಟರಲ್ಲಿ ಅಥಣಿ ಬಸ್ಸು ಬಂತು. ಹತ್ತಿದೆ. ರಾಯಬಾಗ ದಾಟುವವರೆಗೂ ಮನಸ್ಸಿನಲ್ಲಿ ಅವರ ಹೆಂಡತಿ ನಿಂತ ಜಾಗದಲ್ಲೇ ನಿಂತಿದ್ದೆ.