ಪರೀಕ್ಷೆಗೆ ಹೋದವಳ ಬೆಂಡೋಲೆ

ಮನೆಯಲ್ಲಿ ಮಗಳು ನೆಮ್ಮದಿಯಾಗಿ ಉಣ್ಣಲು ಬಿಡುವುದಿಲ್ಲ, ಇಲ್ಲಿ ಪರೀಕ್ಷೆಗೆ ಬರುವವರು ಬಿಡುವುದಿಲ್ಲ. ಅವತ್ತೂ ಡಬ್ಬಿ ತೆರೆದ ಕೂಡಲೇ ಕರೆಗಂಟೆ ಬಡಿಯಿತು. ತೆಲುಗು ನಾಡಿನ ಈ ಕೊಂಡಾಪುರದ ಕಂಪ್ಯೂಟರ್ ಪರೀಕ್ಷಾ ಕೇಂದ್ರದಲ್ಲಿ ಹೆಣ್ಣುಮಕ್ಕಳ ಜೇಬು, ತೋಳು, ಜಡೆ ತಪಾಸಣೆ ಮಾಡುವುದು ನನ್ನ ಕೆಲಸ. ಹತ್ತನೇ ಕ್ಲಾಸು ಓದಿದವಳಿಗೆ ಅಷ್ಟು ಸಿಕ್ಕಿದ್ದೇ ದೊಡ್ಡದು.

ಬಂದವಳು ಸೈಬರ್ ಸೆಕ್ಯುರಿಟಿಯ ಮೊದಲ ಹಂತದ ಪರೀಕ್ಷೆ ಬರೆಯುವ ಹುಡುಗಿ. ಒಮ್ಮೆ ಫೇಲಾಗಿದ್ದಳು, ಈ ಸಲವೂ ಆದರೆ ಕೆಲಸ ಕೈತಪ್ಪುತ್ತದಂತೆ. ಬೆಂಡೋಲೆ ಬಿಚ್ಚು ಎಂದು ತೆಲುಗಿನಲ್ಲಿ ಹೇಳಿದೆ. ಅವಳು "ಅಯ್ಯ ಶಿವನೇ" ಎಂದು ಗೊಣಗಿದಳು.

"ಶಿವನ್ನ ಯಾಕ ಕರೀತಿ? ಅವ ಬಂದ್ರೂ ಹಾವು ಬಿಚ್ಚಿಟ್ಟ ಒಳಗ ಹೋಗಬೇಕು," ಎಂದೆ.

ಅವಳ ಮುಖ ಅರಳಿತು. "ನಮ್ಮ ಕಡೆಯವರೇನ್ರಿ ಅಕ್ಕಾ? ಇವು ನಮ್ಮವ್ವನ ಬೆಂಡೋಲೆ. ಲಾಕರ್‌ನ್ಯಾಗ ಇಡಾಕ ಮನಸ್ಸಿಲ್ಲ. ನೀವ ಇಟ್ಕೊಳ್ರಿ."

ನಾವು ಯಾರ ವಸ್ತುವನ್ನೂ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ಕೆಲಸ ಹೋಗುತ್ತದೆ ಎಂದು ಅವಳಿಗೂ ಹೇಳಿದೆ. ಆದರೂ ಅವಳು ಬೆಂಡೋಲೆಯನ್ನು ನನ್ನ ಅಂಗೈಯಲ್ಲಿ ಇಟ್ಟೇಬಿಟ್ಟಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಪರೀಕ್ಷೆ ಮುಗಿಯುವವರೆಗೂ ಆ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. ಡಬ್ಬಿಯ ಅನ್ನ ತಣ್ಣಗಾಯಿತು.

ಪಾಸಾದ ಕಾಗದ ಹಿಡಿದು ನಗುತ್ತ ಹೊರಗೆ ಬಂದಳು. ಬೆಂಡೋಲೆ ಕೊಡುತ್ತ ಕೇಳಿದೆ: "ಗುರುತಿಲ್ಲದವರನ್ನ ನಂಬಬ್ಯಾಡ ಅಂತ ಕಲಿಸಿಲ್ಲೇನು ನಿನಗ? ಕನ್ನಡ ಮಾತಾಡಿದ್ಲು ಅಂತ ಬಂಗಾರ ಕೊಟ್ಟುಬಿಟ್ಟಿ."

"ನಮ್ಮ ಓದಿನ್ಯಾಗ ಮೊದಲ್ನೇ ಪಾಠನ ಅದು ಅಕ್ಕಾ. ನಂದು ತಪ್ಪು, ಒಪ್ಪಿದೆ. ಕೆಲಸ ಹೋಗೂ ಹಂಗ ರೂಲ್ ಮುರದು ನೀವ್ಯಾಕ ಇಟ್ಕೊಂಡ್ರಿ?"

ಅವಳ ಪರೀಕ್ಷೆಯಲ್ಲಾದರೆ ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ನನ್ನ ಬಳಿ ಇದ್ದದ್ದು ತಣ್ಣಗಾದ ಡಬ್ಬಿ; ಅದನ್ನೇ ಅವಳ ಕಡೆ ಸರಿಸಿದೆ.